ಕ್ಯಾಮೆರಾದ ಬಳೆ ತಿರುಗದ ಮೂರು ದಿನ

ನನಗೆ ಸಿಟ್ಟು ಬೇಗ, ಅದರಲ್ಲೂ ಜೀವವಿಲ್ಲದ ಸಾಮಾನುಗಳ ಮೇಲೆ. ಚಿಲಕ ಸಿಕ್ಕಿಕೊಂಡರೆ ಬಾಗಿಲಿಗೇ ಬೈಯುವವನು ನಾನು. ಅಂಥವನ ಕೈಗೆ ಹಳೆಯ ಕ್ಯಾಮೆರಾ ಒಂದು ಸಿಕ್ಕಿತು.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಹೊಸಪೇಟೆಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಸಂಡೂರಿನ ಕಡೆ ಯಶವಂತನಗರದಲ್ಲಿ ಗಣಿಯ ಸಾಹೇಬನೊಬ್ಬ ಊರು ಬಿಡುವಾಗ ಮನೆಯ ಸಾಮಾನನ್ನೆಲ್ಲ ಹರಾಜಿಗಿಟ್ಟ. ಕುರ್ಚಿ ಮೇಜುಗಳ ನಡುವೆ ಒಂದು ಮಡಚುವ ಕ್ಯಾಮೆರಾ ಇತ್ತು. ಮುಚ್ಚಳ ತೆರೆದರೆ ಕರಿ ಚರ್ಮದ ತಿದಿ ಮುಂದಕ್ಕೆ ಬರುತ್ತಿತ್ತು. ಅದರ ತುದಿಯಲ್ಲಿ ಗಾಜು, ಗಾಜಿನ ಸುತ್ತ ತಿರುಗುವ ಬಳೆ, ಬಳೆಯ ಮೇಲೆ ಅಡಿಗಳ ಅಂಕಿ. ಎದುರಿಗೆ ನಿಂತವರು ಎಷ್ಟು ಅಡಿ ದೂರವೋ ಅಷ್ಟಕ್ಕೆ ಬಳೆ ತಿರುಗಿಸಬೇಕು, ಇಲ್ಲದಿದ್ದರೆ ಮುಖ ಮಸುಕು ಮಸುಕು. ಅಲ್ಲೇ ನಾಲ್ಕು ಸಲ ತಿರುಗಿಸಿ ನೋಡಿದೆ, ಬೆಣ್ಣೆಯ ಹಾಗೆ ತಿರುಗಿತು. ಬೇರೆ ಯಾರೂ ಕೂಗದ್ದರಿಂದ ಅದು ನನ್ನ ಪಾಲಿಗೆ ಬಂತು.

ನಾನು ಕ್ಯಾಮೆರಾ ಕೊಂಡದ್ದು ಒಂದೇ ಒಂದು ಪಟಕ್ಕಾಗಿ, ಅವ್ವನ ಪಟಕ್ಕಾಗಿ. ಅವ್ವ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅಣ್ಣನ ಜೊತೆ ಇದ್ದಳು. ಪಟ ತೆಗೆಸಿಕೊಂಡರೆ ಆಯುಷ್ಯ ತಗ್ಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ನನ್ನ ಮದುವೆಯಲ್ಲಿ ಬಳ್ಳಾರಿಯಿಂದ ಪಟದವನು ಬಂದಾಗ ಕಂಬದ ಹಿಂದೆ ಸರಿದಿದ್ದಳು. ಆ ಪಟದಲ್ಲಿ ನಮ್ಮವ್ವನದೆಂದು ಇರುವುದು ಸೆರಗಿನ ಒಂದು ಅಂಚು ಮಾತ್ರ. ಈಗ ಅವಳು ಊರಿನ ಭಕ್ತರ ಜೊತೆ ನಡೆದು ಶ್ರೀಶೈಲಕ್ಕೆ ಹೊರಟಿದ್ದಳು. ಮಲ್ಲಯ್ಯನ ದಾರಿಯಲ್ಲಿ ನಲ್ಲಮಲದ ಕಾಡಿದೆ, ಕಾಡಿನಲ್ಲಿ ಚಳಿಜ್ವರವಿದೆ. ಹಿಂದಿನ ವರ್ಷ ಹೋದವರಲ್ಲಿ ಇಬ್ಬರು ತಿರುಗಿ ಬಂದಿರಲಿಲ್ಲ. ಅವ್ವ ಬಾರದೆ ಹೋದರೆ ಅವಳ ಮುಖವನ್ನು ಎಲ್ಲಿ ನೋಡಲಿ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ರಜೆ ಹಾಕಿ ಕಂಪ್ಲಿಗೆ ಹೋಗಿ ಕಾಲು ಹಿಡಿದೆ. ಆಶ್ಚರ್ಯವೆಂದರೆ ಅವ್ವ ಒಪ್ಪಿದಳು.

“ನಾ ಹೊಂಡೋ ದಿನ ಮುಂಜಾನೆ ತೆಗಿ. ಒಂದ ಸಲ. ಆಮ್ಯಾಲ ಕೇಳಿದ್ರ ನೋಡು ಮತ್ತ,” ಅಂದಳು.

ಹೊರಡಲು ಇನ್ನು ಐದು ದಿನವಿತ್ತು. ಮನೆಗೆ ಹೊಸ ಸಾಮಾನು ಬಂದರೆ ಪೂಜೆಯಾಗದೆ ಯಾರೂ ಮುಟ್ಟುವಂತಿಲ್ಲ. ಗಿರಣಿಯ ಯಂತ್ರಕ್ಕೆ, ಎತ್ತಿನ ಕೊಂಬಿಗೆ, ನನ್ನ ಸೈಕಲ್ಲಿಗೆ ಆದದ್ದೇ ಕ್ಯಾಮೆರಾಕ್ಕೂ ಆಯಿತು. ಅವ್ವ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳಿನಿಂದ ಗಾಜಿನ ಮೇಲೆ, ಬಳೆಯ ಮೇಲೆ, ಈ ಅಂಚಿನಿಂದ ಆ ಅಂಚಿಗೆ ಎಳೆದಳು. ಕ್ಯಾಮೆರಾ ಮಠಕ್ಕೆ ಹೊರಟಂತೆ ಕಂಡಿತು. ಅವಳು ಒಳಗೆ ಹೋದ ಮೇಲೆ ಧೋತರದ ಚುಂಗಿನಿಂದ ಗಾಜು ಒರೆಸಿ, ಬಳೆಯನ್ನೂ ಚೆನ್ನಾಗಿ ತಿಕ್ಕಿ ಇಟ್ಟೆ. ಜಾಣತನ ಮಾಡಿದೆ ಅಂದುಕೊಂಡೆ.

ಮರುದಿನ ನೋಡಿದರೆ ಬಳೆ ಜಪ್ಪಯ್ಯ ಅಂದರೂ ತಿರುಗಲೊಲ್ಲದು. ಅದು ನಿಂತದ್ದಾದರೂ ಎಲ್ಲಿ? ಕಟ್ಟಕಡೆಯ ಗುರುತಿನಲ್ಲಿ, ದೂರದ ಗುಡ್ಡಗಳ ಪಟಕ್ಕೆಂದು ಇರುವ ಗುರುತಿನಲ್ಲಿ. ಹಂಪಿಯ ಗೋಪುರವನ್ನು ಸಲೀಸಾಗಿ ತೆಗೆಯಬಹುದಿತ್ತು. ಅವ್ವನ ಪಟಕ್ಕೆ ಅವಳನ್ನು ಹೊಳೆಯ ಆಚೆ ದಂಡೆಗೆ ಕಳಿಸಬೇಕಿತ್ತು.

ಸಂಡೂರಿನ ಕೆಂಧೂಳೇ ಒಳಗೆ ಹೊಕ್ಕಿದೆ ಎಂದು ತೀರ್ಮಾನಿಸಿ ಸಾಹೇಬನಿಗೆ ಮನಸಾರೆ ಬೈದೆ. ಒಳಗಿನ ಜಿಡ್ಡು ಕರಗಲಿ ಎಂದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಬಿಸಿಲಿಗೆ ನಾನು ಕರಗಿದೆ, ಜಿಡ್ಡು ಕರಗಲಿಲ್ಲ. ಮೂರನೆಯ ದಿನ ಅಣ್ಣ ಗಿರಣಿಯಿಂದ ಬಂದು ಪರೀಕ್ಷೆ ಮಾಡಿದ.

“ಇದಕ್ಕ ಏನ್ ದೊಡ್ಡ ವಿಚಾರೋ? ಔಡಲೆಣ್ಣಿ ಬಿಡು. ನಮ್ಮ ಗಿರಣಿ ಅದರಾಗ ನಡಿತೈತಿ,” ಅಂದ.

ಬುದ್ಧಿ ಇದ್ದವನು ಕೇಳುತ್ತಿರಲಿಲ್ಲ. ನಾನು ಕೇಳಿದೆ, ಎರಡು ಹನಿ ಬಿಟ್ಟೆ. ಬಳೆ ಇನ್ನಷ್ಟು ಬಿಗಿಯಾಯಿತು. ಅಣ್ಣ ಇಕ್ಕಳ ತರಲು ಎದ್ದ. ನಾನು ಕ್ಯಾಮೆರಾವನ್ನು ಎದೆಗವಚಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡೆ. ಮೂವತ್ತು ದಾಟಿದ ಇಬ್ಬರು ಗಂಡಸರು ಬಾಗಿಲ ಆಚೆ ಈಚೆ ನಿಂತು ಕೂಗಾಡುವುದನ್ನು ಕೇಳಿ ಅವ್ವ ಅಡಿಗೆಮನೆಯಿಂದಲೇ ಅಂದಳು: “ದೇವರು ಒಲ್ಲೆ ಅಂತಿದ್ರ ಬಿಟ್ಟುಬಿಡ್ರೋ.”

ಒಂದು ಸಣ್ಣ ಅಪಶಕುನ ಸಿಕ್ಕರೆ ಸಾಕು, ಅವಳು ಮತ್ತೆ ಕಂಬದ ಹಿಂದೆ ಹೋಗುತ್ತಾಳೆ.

ನಾಲ್ಕನೆಯ ದಿನ, ಪೆಟ್ರೋಲಿನ ಬರಗಾಲದಲ್ಲಿ ಇದ್ದಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ಹಿಡಿದು ಹೊಸಪೇಟೆಗೆ ಬಂದೆ. ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಎಲ್ಲರೂ ಚಾಚಾ ಅನ್ನುತ್ತಿದ್ದರು. ಕ್ಯಾಮೆರಾ ಬಿಚ್ಚಿದವರಲ್ಲ, ಆದರೆ ಅವರ ಕೈ ಅವಸರ ಕಂಡದ್ದಲ್ಲ.

“ಚಾಚಾ, ಸಂಜಿ ಬಸ್ಸಿಗೆ ಹೋಗಬೇಕು, ಜಲ್ದಿ ನೋಡ್ರಿ.”

“ಜಲ್ದಿ ಬೇಕಂದ್ರ ಸುತ್ತಿಗಿ ಐತ್ರಿ ಮಾಸ್ತರ, ಕೊಡ್ಲೇನು?” ಅಂದರು.

ಅವರು ಒಂದು ಕಣ್ಣಿಗೆ ದಪ್ಪ ಗಾಜು ಸಿಕ್ಕಿಸಿಕೊಂಡು ಬಳೆಯನ್ನು ಬಹಳ ಹೊತ್ತು ನೋಡಿದರು. ಮೊದಲು ಸೂಜಿಯಿಂದ ಬಳೆಗೂ ಅದರ ಕೆಳಗಿನ ತಗಡಿಗೂ ಸೇರಿಸಿ ಒಂದು ಗೀರು ಹಾಕಿದರು. ತಿರುಗಿ ಕೂಡಿಸುವಾಗ ಎಲ್ಲಿ ಕೂಡಿಸಬೇಕೆಂದು ಗೊತ್ತಾಗಲು ಅದು. ಆಮೇಲೆ ಸೂಜಿಯ ತುದಿಯಲ್ಲಿ ಪೆಟ್ರೋಲು ತೆಗೆದುಕೊಂಡು ಸಂದಿಗೆ ಮುಟ್ಟಿಸಿದರು. ಕಾದರು, ಮತ್ತೆ ಮುಟ್ಟಿಸಿದರು. ಊಟದ ಹೊತ್ತು ದಾಟಿತು. ಕೊನೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಬಳೆಗೆ ಸುತ್ತಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿದರು. ಕಟ್ ಎಂದಿತು. ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದರು. ಬಂತು! ನಾನು ಕೂಗಿದ ಕೂಗಿಗೆ ಎದುರಿನ ಬಟ್ಟೆ ಅಂಗಡಿಯವರು ಇಣುಕಿ ನೋಡಿದರು.

ಬಳೆಯ ಮರೆಯಲ್ಲಿ ಬೂದುಬಣ್ಣದ ಗಾರೆ. ಚಾಚಾ ಉಗುರಿನಿಂದ ಕೆರೆದು, ಮೂಸಿ ನೋಡಿ, ನನ್ನ ಮುಖ ನೋಡಿದರು.

“ಇದು ಧೂಳಲ್ರಿ, ಇಬತ್ತಿ. ಮ್ಯಾಲ ಎಣ್ಣಿ ಬ್ಯಾರೆ ಬಿಟ್ಟೀರಿ. ಗ್ವಾಡಿ ಕಟ್ಟಬೌದಿತ್ತು ನೋಡ್ರಿ ಇದರಾಗ.”

ಆಗ ಹೊಳೆಯಿತು. ಅವ್ವ ವಿಭೂತಿಯನ್ನು ಬರಿ ಮೇಲೆ ಹಚ್ಚಿದ್ದಳು. ಸಂದಿಯ ಒಳಗೆ ತಿಕ್ಕಿ ತಿಕ್ಕಿ ತುಂಬಿದವನು ಧೋತರದ ಜಾಣ. ಸುಮ್ಮನೆ ಬೈಸಿಕೊಂಡ ಸಾಹೇಬನನ್ನು ನೆನೆದು ನಗು ಬಂತು.

“ಮನ್ಯಾಗ ಹೇಳಬ್ಯಾಡ್ರಿ, ಹಿರೇರು ಮನಸಿಗೆ ಹಚ್ಚಿಕೋತಾರ,” ಅಂದರು ಚಾಚಾ. ಅವರು ಎಲ್ಲ ಒರೆಸಿ, ಗೀರಿಗೆ ಗೀರು ಕೂಡಿಸಿದರು. ಫಿಲ್ಮು ಇನ್ನೂ ಹಾಕಿರಲಿಲ್ಲ. ಹಿಂಬದಿಯಲ್ಲಿ ಫಿಲ್ಮು ಬರುವ ಜಾಗಕ್ಕೆ ಎಣ್ಣೆ ಸವರಿದ ತೆಳು ಕಾಗದ ಹಿಡಿದು ನೋಡಿದೆವು. ಬಜಾರು ತಲೆಕೆಳಗಾಗಿ, ಆದರೆ ನಿಚ್ಚಳವಾಗಿ ಅದರಲ್ಲಿ ಮೂಡಿತು. ಫಿಲ್ಮು ಹಾಕಿಕೊಂಡು ಸಂಜೆಯ ಬಸ್ಸಿಗೆ ಕಂಪ್ಲಿಗೆ ಮರಳಿದೆ.

ಐದನೆಯ ದಿನ ಬೆಳಿಗ್ಗೆ ಅವ್ವ ಬುತ್ತಿಗಂಟು ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಬಲಗೈಯ ಮೂರು ಬೆರಳು ಬೆಳ್ಳಗೆ, ಹಸಿ.

“ರಿಪೇರಿ ಆಗಿ ಬಂದೈತಿ, ಇನ್ನೊಮ್ಮಿ ಹಚ್ಚಬೇಕು,” ಎಂದು ನೇರ ಕ್ಯಾಮೆರಾದ ಕಡೆಗೇ ನಡೆದಳು.

ನಿಜ ಹೇಳಿದರೆ ಪಟ ಹೋಯಿತು, ಹೇಳದಿದ್ದರೆ ಕ್ಯಾಮೆರಾ ಹೋಯಿತು. ಅದನ್ನು ಬೆನ್ನ ಹಿಂದೆ ಅಡಗಿಸಿ ಹಣೆ ಮುಂದೆ ಮಾಡಿದೆ. “ನಡಸಾಂವ ನಾನಲ್ಲವ್ವ? ನನಗ ಹಚ್ಚು.”

ಅವ್ವ ಹಚ್ಚಿದಳು. “ಇಬತ್ತಿ ಅಂದ್ರ ಓಡಿ ಹೋಕ್ಕಿದ್ದಾಂವ, ಇವತ್ತು ತಾನಾಗೇ ಹಣಿ ಕೊಡ್ತಾನ! ಏನಾಗೇತೋ ನಿನಗ?” ಎಂದು ನಕ್ಕಳು. ಎಂಟು ಅಡಿ ಹಿಂದೆ ಸರಿದು ಬಳೆಯನ್ನು ಎಂಟಕ್ಕೆ ತಿರುಗಿಸಿದೆ. ಅವಳ ನಗು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಒತ್ತಿದೆ.

ಪಟ ಬಳ್ಳಾರಿಯಲ್ಲಿ ತೊಳೆದು ಬರುವ ಹೊತ್ತಿಗೆ ಯುಗಾದಿ ಕಳೆದಿತ್ತು. ಅವ್ವ ಅಂಗಾಲು ಒಡೆದುಕೊಂಡು, ಕಪ್ಪಾಗಿ, ಗುಂಡುಗಲ್ಲಿನ ಹಾಗೆ ಗಟ್ಟಿಯಾಗಿ ಬಂದಿಳಿದಳು. ನನಗೆ ಕುಣಿಯುವಷ್ಟು ಖುಷಿ. ಕಾಲು ತೊಳೆದು ಕುಳಿತವಳ ಕೈಗೆ ಪಟ ಕೊಟ್ಟೆ. ಹಣೆ, ಮೂಗು, ನಗು ಎಲ್ಲ ಸ್ಪಷ್ಟವಾಗಿ ಮೂಡಿತ್ತು. ಹೊಗಳಿಕೆಗೆ ಕಾದು ನಿಂತೆ.

ಅವಳು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಪಟ ಒರೆಸಿ ಮತ್ತೆ ನೋಡಿದಳು.

“ಇದು ನಾನಲ್ಲೋ,” ಅಂದಳು. “ಇಕಿ ನಮ್ಮವ್ವ. ಪ್ಲೇಗಿನ್ಯಾಗ ಹೋದಾಗ ನನಗ ಆರು ವರ್ಷ. ಮುಖಾನ ಮರ್ತಿದ್ದೆ ನೋಡು. ಹಿಂಗ ನಗತಿದ್ಲು.”

ಅವ್ವ ಪಟವನ್ನು ಎದೆಗೆ ಒತ್ತಿಕೊಂಡು ಎದ್ದಳು. ನನ್ನನ್ನು ಕೇಳದೆಯೇ ಒಳಗೆ ಹೋಗಿ ಅದನ್ನು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡಳು.