ಐವರು ಬರೆದ ಒಂದೇ ಸಾಲು

ಬೆಳಗಿನ ಐದು ಗಂಟೆ. ಹೈದರಾಬಾದಿನ ಅಮೀರ್‌ಪೇಟ್‌ನ ಕೋಚಿಂಗ್ ಕಟ್ಟಡವೊಂದರ ಮೆಟ್ಟಿಲುಗಳ ಮೇಲೆ ಹದಿಮೂರು ಮಂದಿ ಕೂತಿದ್ದಾರೆ, ಮೆಟ್ಟಿಲಿಗೊಬ್ಬರಂತೆ. ಎಲ್ಲರೂ ಸೆಕ್ಯೂರಿಟಿ ಗಾರ್ಡ್‌ಗಳು, ಏಳಕ್ಕೆ ಡ್ಯೂಟಿ. ಕೆಳಗೆ ನಿಂತವರು ಇದೇ ಕಟ್ಟಡದ ರಾತ್ರಿ ಕಾವಲುಗಾರ ಗುರುಸಿದ್ದಪ್ಪ. ವಯಸ್ಸು ಐವತ್ತೆರಡು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರೆಂದರೆ ಅವರು ಮಾಸ್ತರು.

"ನಿನ್ನಿ ನಸುಕಿನ್ಯಾಗ ನಾಕಕ್ಕ ಏನ್ ಮಾಡಾಕತ್ತಿದ್ದಿ ತಂಗಿ? ಖರೇ ಹೇಳಬೇಕು."

ಶಿವದೇವಿ ಎದ್ದು ನಿಲ್ಲುತ್ತಾರೆ. "ಐ ವಾಸ್... ಫಿಲ್ಲಿಂಗ್ ವಾಟರ್, ಸರ್."

"ನಳ ಬಂದಿತ್ತೇನು?"

"ಇಲ್ರಿ."

"ಹಂಗಾದ್ರ ತುಂಬಾಕತ್ತಿದ್ದಿಲ್ಲ, ಕಾಯಾಕತ್ತಿದ್ದಿ. ವೇಟಿಂಗ್ ಅನ್ನು."

ಎಲ್ಲರೂ ನಗುತ್ತಾರೆ, ಮಾಸ್ತರೊಬ್ಬರನ್ನು ಬಿಟ್ಟು. ಮೂರನೆಯ ಮೆಟ್ಟಿಲಲ್ಲಿ ಯಾರೂ ಕೂತಿಲ್ಲ. ಅದು ಅಮರೇಶಪ್ಪನ ಜಾಗ ಎಂದು ಶಿವದೇವಿ ಆಮೇಲೆ, ಪಾಠ ನೋಡಲು ಬಂದ ನನಗೆ ಹೇಳುತ್ತಾರೆ.

ಗುರುಸಿದ್ದಪ್ಪ ಲಿಂಗಸುಗೂರು ಕಡೆಯವರು. ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಯಿತು. ಈಗ ಊರಿಗೆಲ್ಲ ಸಾಫ್ಟ್‌ವೇರ್ ಜ್ವರ. ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತದೆ, ಪ್ರತಿ ಕಟ್ಟಡಕ್ಕೂ ಗಾರ್ಡ್ ಬೇಕು, ಆ ಗಾರ್ಡ್‌ಗೆ ಇಂಗ್ಲಿಷೂ ಬೇಕಂತೆ! ಕಳವು, ಬೆಂಕಿ, ಜಗಳ ಏನೇ ಆಗಲಿ, ಆ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ಅವನು ಇಂಗ್ಲಿಷಿನಲ್ಲೇ ಬರೆದುಕೊಡಬೇಕು. ಹೊಲ ಬಿಟ್ಟು ಬಂದವನು ಎಲ್ಲಿಂದ ತರಬೇಕು ಅದನ್ನು?

ಗುರುಸಿದ್ದಪ್ಪನವರು ತಂದದ್ದು ಬಾಗಿಲ ಸಂದಿಯಿಂದ. ಒಳಗೆ ಸ್ಪೋಕನ್ ಇಂಗ್ಲಿಷ್ ಪಾಠ ನಡೆಯುತ್ತಿದ್ದಾಗ ಹೊರಗೆ ಸ್ಟೂಲಿನ ಮೇಲೆ ಕೂತು ವರ್ಷಗಟ್ಟಲೆ ಕೇಳಿಸಿಕೊಂಡರು. "ನಮ್ಮ 'ಮಾಡಾಕತ್ತಿದ್ದೆ' ಐತಲ್ರಿ, ಅದಕ್ಕ ಅವರು ಮುಂದ 'ವಾಸ್' ಹಚ್ಚಿ ಹಿಂದ 'ಇಂಗ್' ಅಂತಾರ. ಭಾಳ ದೊಡ್ಡ ವಿದ್ಯಾ ಏನಲ್ಲ" ಎನ್ನುತ್ತಾರೆ. ಹನ್ನೆರಡು ತಾಸಿನ ಡ್ಯೂಟಿಯ ಕೊನೆಯಲ್ಲಿ ದಿನಾ ಒಂದು ತಾಸು ಪಾಠ, ಒಂಬತ್ತು ವರ್ಷದಿಂದ, ಪುಕ್ಕಟೆ.

ಮೊದಲು ಅವರು ಪಾಠ ಹೇಳುತ್ತಿದ್ದ ರೀತಿಯೇ ಬೇರೆ. ಸಂದರ್ಶನದಲ್ಲಿ ಕೇಳುವುದು 'ಕಳವಾದಾಗ ಏನು ಮಾಡುತ್ತಿದ್ದೆ' ಎಂಬ ಒಂದೇ ಪ್ರಶ್ನೆ, ಅದಕ್ಕೆ ಒಂದೇ ಉತ್ತರ ಸಾಕೆಂದು ಎಲ್ಲರ ಬಾಯಿಗೂ ಒಂದೇ ಸಾಲು ಹಾಕಿದ್ದರು: "ಐ ವಾಸ್ ಟೇಕಿಂಗ್ ರೌಂಡ್ ಇನ್ ದಿ ಬೇಸ್‌ಮೆಂಟ್." ಆ ಸಾಲಿನಿಂದ ಅರವತ್ತಕ್ಕೂ ಹೆಚ್ಚು ಜನರಿಗೆ ನೌಕರಿ ಸಿಕ್ಕಿತ್ತು.

ಕಳೆದ ದೀಪಾವಳಿಯ ಮುನ್ನಾದಿನ ನಸುಕಿನಲ್ಲಿ ಕಂಪನಿಯೊಂದರ ಹಿಂಬಾಗಿಲಿನಿಂದ ಕಂಪ್ಯೂಟರ್‌ಗಳು ಕಳುವಾದವು. ಅಲ್ಲಿದ್ದ ಐವರೂ ಗಾರ್ಡ್‌ಗಳು ಈ ಮೆಟ್ಟಿಲಿನಲ್ಲಿ ಕಲಿತವರೇ. ಒಬ್ಬೊಬ್ಬರನ್ನೇ ಕೂರಿಸಿ ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ, ಬರೆಯಿರಿ ಎಂದರು. ಹೆದರಿದ ಐವರೂ ಬರೆದದ್ದು ಬಾಯಿಪಾಠದ ಅದೇ ಸಾಲು, ಅಕ್ಷರ ಬಿಡದಂತೆ. ಐವರೂ ಬೇಸ್‌ಮೆಂಟಿನಲ್ಲಿದ್ದರೆ ಗೇಟಿನಲ್ಲಿ ಇದ್ದವರು ಯಾರು ಎಂದು ಗಾರ್ಡ್‌ಗಳನ್ನು ಒದಗಿಸುವ ಏಜೆನ್ಸಿಯ ಅಧಿಕಾರಿ ಕೇಳಿದ. ಸೇರಿಕೊಂಡು ಸುಳ್ಳು ಕಟ್ಟಿದ್ದಾರೆಂದು ಐವರನ್ನೂ ಅಂದೇ ಹೊರಗೆ ಹಾಕಿದರು.

ಗೇಟಿನಲ್ಲಿ ಅಮರೇಶಪ್ಪನಿದ್ದ. ನೀರಿನ ಟ್ಯಾಂಕರ್‌ಗೆ ಗೇಟು ತೆಗೆಯುತ್ತಿದ್ದ. ತನ್ನ ಜಾಗದಲ್ಲಿ, ತನ್ನ ಕೆಲಸದಲ್ಲಿ. ಅಯ್ಯೋ, ಅಷ್ಟನ್ನೇ ಬರೆದಿದ್ದರೆ ಉಳಿದುಕೊಳ್ಳುತ್ತಿದ್ದ! ಉಳಿದ ನಾಲ್ವರು ಹೇಗೋ ಬೇರೆ ಕೆಲಸ ಹಿಡಿದರು. ಗೇಟು ಬಿಟ್ಟು ಹೋದವನೆಂಬ ಹೆಸರು ಹೊತ್ತ ಅಮರೇಶಪ್ಪನನ್ನು ಯಾವ ಏಜೆನ್ಸಿಯೂ ತೆಗೆದುಕೊಳ್ಳಲಿಲ್ಲ. ಈಗ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಕೆಮಿಕಲ್ ಡ್ರಮ್ಮು ಉರುಳಿಸುತ್ತಾನೆ. ಕೆಮ್ಮು ಹತ್ತಿಕೊಂಡಿದೆ.

ತಪ್ಪು ನನ್ನದೆಂದು ಹೇಳಲು ಗುರುಸಿದ್ದಪ್ಪ ಏಜೆನ್ಸಿಗೆ ಹೋದರು. ನೀನ್ಯಾರು ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಳಿಸಿಬಿಟ್ಟರು. ಇದನ್ನು ಕೇಳಿ ನನಗೆ ಸಿಟ್ಟು ಬರುತ್ತದೆ. ಗುರುಸಿದ್ದಪ್ಪನವರಿಗೆ ಸಿಟ್ಟಿಲ್ಲ, ಅದೇ ಇನ್ನೂ ಸಂಕಟ. "ಬಾಯಿಪಾಠ ಮಾಡಿಸ್ದಾಂವ ನಾನ ಅಲ್ಲೇನ್ರಿ? ಖರೇ ಹೇಳಾಕ ಕಲಿಸಲೇ ಇಲ್ಲ."

ಅಂದಿನಿಂದ ಮೆಟ್ಟಿಲ ಮೇಲೆ ಬಾಯಿಪಾಠವಿಲ್ಲ. ಪ್ರತಿ ಭಾನುವಾರ ಡ್ಯೂಟಿ ಮುಗಿಸಿ ಗುರುಸಿದ್ದಪ್ಪ ನಿದ್ದೆಗೆಟ್ಟ ಕಣ್ಣಲ್ಲೇ ಪಟಾನ್‌ಚೆರು ಬಸ್ ಹತ್ತುತ್ತಾರೆ. ಜೇಬಿನಲ್ಲಿ ಒಂದು ಬಿಳಿ ಹಾಳೆ, ಒಂದು ಪೆನ್ನು. ನಿಜ ನಡೆದದ್ದನ್ನು ಅಮರೇಶಪ್ಪ ಸ್ವಂತ ಮಾತಿನಲ್ಲಿ ಬರೆಯಲಿ, ಅದನ್ನು ಮತ್ತೊಮ್ಮೆ ಏಜೆನ್ಸಿಗೆ ಒಯ್ಯುತ್ತೇನೆ ಎಂಬ ಆಸೆ. ಹನ್ನೊಂದು ಭಾನುವಾರ ಕಳೆದಿವೆ. ಹಾಳೆ ಖಾಲಿಯೇ ಇದೆ, ಮಡಿಕೆಯಲ್ಲಿ ಹರಿಯತೊಡಗಿದೆ. ಅವನು ಬರೆದರೂ ಯಾರಾದರೂ ಓದುತ್ತಾರೆಂಬ ನಂಬಿಕೆ ನನಗಿಲ್ಲ. ಕೇಳಿದರೆ, ಮಾಸ್ತರಿಗೂ ಇಲ್ಲ.

"ಹೋದಾಗ ಅಮರೇಶಪ್ಪ ಬೈತಾನೇನು?" ಎನ್ನುತ್ತೇನೆ.

ಅವರು ಟೋಪಿ ತಿರುಗಿಸುತ್ತ ಮೂರನೆಯ ಮೆಟ್ಟಿಲು ನೋಡುತ್ತಾರೆ.

"ಬೈಲಿ ಅಂತನ ಹೋಗ್ತೀನ್ರಿ. ಬೈಯಂಗಿಲ್ಲ. ಚಾ ಕುಡಿಸ್ತಾನ, ಬಸ್ಸಿನ ತನಕಾ ಬಂದು ಹತ್ತಿಸ್ತಾನ. ಇನ್ನೂ ನನಗ ಮಾಸ್ತರ್ರ ಅಂತಾನ್ರಿ."