ಮೊದಲ ದಿನವೇ ತೆಗೆದಿಟ್ಟ ಸಾವು

ನಮ್ಮಣ್ಣ ಸಾಯುವುದರಲ್ಲಿ ಪಳಗಿದ ಕೈ. ಪಾಳುಬಿದ್ದ ಕಾರ್ಖಾನೆಯಲ್ಲೋ ಯಾರದೋ ಖಾಲಿ ಮನೆಯಲ್ಲೋ ಪುಡಿಗಾಸಿನಲ್ಲಿ ತೆಗೆದು ಮುಗಿಸುವ ಸಿನಿಮಾಗಳಿರುತ್ತವಲ್ಲ, ಮುಖವಾಡ ಹಾಕಿಕೊಂಡವನು ಒಬ್ಬೊಬ್ಬರನ್ನೇ ಕೊಚ್ಚುತ್ತಾ ಹೋಗುವಂಥವು, ಅವುಗಳಲ್ಲಿ ಮೊದಲು ಬೀಳುವ ಹೆಣ ಇವನದೇ. ಕೊಡಲಿಯಿಂದ ಸತ್ತಿದ್ದಾನೆ, ತಂತಿಯಿಂದ ಸತ್ತಿದ್ದಾನೆ, ಒಮ್ಮೆ ಇಸ್ತ್ರಿಪೆಟ್ಟಿಗೆಯಿಂದಲೂ ಸತ್ತಿದ್ದಾನೆ. ಅದು ಹೇಗೆ ಅಂತ ನನ್ನನ್ನು ಕೇಳಬೇಡಿ. ಆ ಸಿನಿಮಾ ಮಂದಿಯೆಲ್ಲ ಅವನನ್ನು ‘ಮೊದಲ ಹೆಣ’ ಎಂದೇ ಕರೆಯುತ್ತಿದ್ದರು.

ರಕ್ತವೆಂದರೆ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿದ್ದು. ಅವನು ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಇರುವೆ ಸಾಲೂ ಬರುತ್ತಿತ್ತು. ನಾನು ಹೊಲಿಗೆಯವಳು, ಹರಿದ ಅಂಗಿಗಳೆಲ್ಲ ನನ್ನ ತಲೆಗೇ. “ನಾಳೆಯಾದ್ರೂ ಕತ್ತು ಹಿಸುಕಿಸ್ಕೊಂಡು ಸಾಯೋ ಮಾರಾಯ, ಅಂಗಿ ಉಳಿಯುತ್ತೆ” ಎಂದು ಬೈದರೆ ಹಲ್ಲು ಕಿರಿಯುತ್ತಿದ್ದ. ಒಳಗಿಂದ ಅಮ್ಮ ಕೂಗುತ್ತಿದ್ದಳು: “ಬಿಡ್ತು ಅನ್ನೇ! ನಿನ್ನ ನಾಲಿಗೆಗೆ ಎಲುಬಿಲ್ಲ.”

ಅಮ್ಮ ಅವನ ಒಂದೇ ಒಂದು ಸಿನಿಮಾ ನೋಡಿದವಳಲ್ಲ. “ಹೆತ್ತ ಹೊಟ್ಟೆ ಕಣೋ, ಹೇಗೆ ನೋಡ್ಲಿ? ನೀನು ಕೊನೇವರೆಗೂ ಬದುಕಿರೋ ಸಿನಿಮಾ ಬಂದ್ರೆ ಹೇಳು, ಮುಂದಿನ ಸಾಲಲ್ಲೇ ಕೂತು ನೋಡ್ತೀನಿ” ಅನ್ನುತ್ತಿದ್ದಳು. ಅವನು ನಗುತ್ತಿದ್ದ, ಆದರೆ ಆ ಮಾತು ಅವನಿಗೆ ಚುಚ್ಚುತ್ತಿತ್ತು. ಮಗನ ತಲೆಗೂದಲು ಬೆಳ್ಳಗಾದರೂ ಅವನ ಕೆಲಸವನ್ನು ಹೆತ್ತವಳು ಒಮ್ಮೆಯೂ ನೋಡಿಲ್ಲವೆಂದರೆ ಯಾರಿಗೆ ತಾನೆ ಚುಚ್ಚುವುದಿಲ್ಲ?

ಕೊನೆಗೂ ಅಂಥದೊಂದು ಪಾತ್ರ ಬಂತು. ಮುಖವಾಡದವನನ್ನು ಹಿಡಿಯುವ ಪೊಲೀಸ್. ಕೊನೆಯ ದೃಶ್ಯದಲ್ಲಿ ಕೊಲೆಗಾರನಿಗೆ ಕೋಳ ತೊಡಿಸಿ ಕಾರ್ಖಾನೆಯಿಂದ ಬೆಳಗಿನ ಬಿಸಿಲಿಗೆ ನಡೆದು ಬರಬೇಕು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಖಾಕಿ ಅಂಗಿಯನ್ನು ನಾನೇ ಹೊಲಿದುಕೊಟ್ಟೆ. ಮೊದಲ ದಿನವೇ ಹೊಟ್ಟೆಯ ಹತ್ತಿರ ಉದ್ದಕ್ಕೆ ಸೀಳಿಸಿಕೊಂಡು ತಂದ.

ಆ ಮಂದಿಯಲ್ಲಿ ಒಂದು ಪದ್ಧತಿ ಉಂಟು. ಯಾವ ಪಾತ್ರವೇ ಇರಲಿ, ಅದರ ಸಾವನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳುತ್ತಾರೆ. ನಟ ಜಗಳವಾಡಿ ಅರ್ಧಕ್ಕೇ ಎದ್ದು ಹೋದರೆ, ಅಲ್ಲಿಗೇ ಅವನನ್ನು ಕೊಂದು ಕತೆ ಮುಂದಕ್ಕೆ ತಳ್ಳಬಹುದಲ್ಲ!

“ಬದುಕೋನಿಗೂ ಯಾಕೋ ಇದು?” ಎಂದೆ.

“ಎಲ್ರಿಗೂ ತೆಗೀತಾರೆ, ನಂದನ್ನ ಬಳಸಲ್ಲ. ಅಮ್ಮನಿಗೆ ಹೇಳ್ಬೇಡ, ಅಪಶಕುನ ಅಂತಾಳೆ.”

ಅಂಗಿಗೆ ಬೇರೆ ಬಟ್ಟೆ ಇರಲಿಲ್ಲ. ಕಲೆ ತೊಳೆದು ಸೀಳಿಗೆ ಹೊಲಿಗೆ ಹಾಕುತ್ತಿದ್ದಾಗ ಅಮ್ಮ ಬಂದು ನೋಡಿದಳು. ಬಾಗಿಲಿನ ಮೊಳೆಗೆ ಸಿಕ್ಕಿತು ಎಂದೆ.

ಅಣ್ಣನಿಗೆ ಕೆಮ್ಮು ಮೊದಲೇ ಇತ್ತು. ಮುಚ್ಚಿದ ಕಾರ್ಖಾನೆಯೊಳಗೆ ದಿನವಿಡೀ ಹೊಗೆಯಂತ್ರ ಉಗುಳುತ್ತಿದ್ದರೆ ಕೆಮ್ಮು ಸುಮ್ಮನಿರುತ್ತದೆಯೇ? ದುಡ್ಡು ಸಾಲದೆ ಚಿತ್ರೀಕರಣ ಆಗಾಗ ನಿಲ್ಲುತ್ತಿತ್ತು, ಮತ್ತೆ ಶುರುವಾಗುವಾಗ ಇವನು ಇನ್ನಷ್ಟು ಇಳಿದಿರುತ್ತಿದ್ದ. ಖಾಕಿ ಅಂಗಿಯನ್ನು ಒಳಗೆ ಹಿಡಿದು ಹಿಡಿದು ನನಗೇ ಸಾಕಾಯಿತು. ಕೊನೆಯ ದೃಶ್ಯವೊಂದೇ ಬಾಕಿ ಇದ್ದಾಗ ಹಾಸಿಗೆ ಹಿಡಿದ. ಆಸ್ಪತ್ರೆಯಲ್ಲಿ ಅಮ್ಮನ ಕೈ ಹಿಡಿದುಕೊಂಡು, “ಈ ಸಲ ಸಾಯಲ್ಲಮ್ಮ. ನೀನು ನೋಡ್ಲೇಬೇಕು” ಎಂದ. ಆ ವಾರವೇ ಹೋಗಿಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಿರ್ದೇಶಕ ಮನೆಗೆ ಬಂದು ಅತ್ತ. ಕೆಟ್ಟವನಲ್ಲ ಪಾಪ. ನಾನು ಅವನನ್ನು ಹೊರಗೆ ಕರೆದು ಕೈಮುಗಿದೆ.

“ಅವನನ್ನ ಸಾಯಿಸ್ಬೇಡಿ. ಬೇರೆ ಊರಿಗೆ ವರ್ಗ ಆಯ್ತು ಅನ್ನಿ, ಏನಾದ್ರೂ ಮಾಡಿ.”

“ಕೊನೇ ಹೊತ್ತಿಗೆ ಪೊಲೀಸ್ ಮಾಯವಾದ್ರೆ ಜನ ಕುರ್ಚಿ ಹರೀತಾರೆ ಅಕ್ಕ. ಬದುಕಿಸೋಕೆ ನನ್ನ ಹತ್ರ ಏನೂ ಇಲ್ಲ. ಸಾಯಿಸೋಕೆ ಮಾತ್ರ ಇದೆ.”

ಸಿನಿಮಾ ಬಂತು. ಬೇಡಮ್ಮ ಎಂದು ಎಷ್ಟು ಗೋಗರೆದರೂ ಅಮ್ಮ ಕೇಳಲಿಲ್ಲ. “ನೋಡ್ಲೇಬೇಕು ಅಂದಿದ್ದಾನೆ” ಎಂದು ಒಗೆದಿಟ್ಟ ಸೀರೆ ಉಟ್ಟು ಹೊರಟೇಬಿಟ್ಟಳು. ಮುಂದಿನ ಸಾಲಿನಲ್ಲೇ ಕೂತಳು. ಅಣ್ಣ ತೆರೆಯ ಮೇಲೆ ಬಂದಾಗ ನನ್ನ ತೊಡೆ ಚಿವುಟಿದಳು. ಪೊಲೀಸಿನ ಹೊಟ್ಟೆಯ ಮೇಲಿನ ಹೊಲಿಗೆ ಕಂಡು ಹಿಂದೆ ಯಾರೋ, “ಲೋ, ಪೊಲೀಸ್ಗೆ ಆಪರೇಷನ್ ಆಗಿದೆ ಕಣ್ರೋ!” ಎಂದು ಕೂಗಿದ, ಇದ್ದ ಹತ್ತಾರು ಮಂದಿಯೂ ನಕ್ಕರು. ಅಮ್ಮನೂ ನಕ್ಕಳು. ಮಧ್ಯಂತರದಲ್ಲಿ, “ಮುಗೀತು, ಏಳಮ್ಮ” ಎಂದು ಎಳೆದೆ. “ನಾನೇನು ಮಗೂನಾ? ಅವನಿನ್ನೂ ಕೊಲೆಗಾರನ್ನ ಹಿಡಿದಿಲ್ಲ, ಕೂತ್ಕೊ” ಎಂದಳು.

ದೃಶ್ಯದಿಂದ ದೃಶ್ಯಕ್ಕೆ ಅಣ್ಣ ಸೊರಗುತ್ತಾ ಹೋದ. ಅಮ್ಮ ಕುರ್ಚಿಯ ತುದಿಗೆ ಜರುಗಿದಳು. ಕಡ್ಡಿಯಂತಾದ ಅವನು ಕಾರ್ಖಾನೆಯ ಬಾಗಿಲು ತಳ್ಳಿದ. ಒಳಗೆ ಕಾಲಿಟ್ಟವನು ಮಾತ್ರ ಮೊದಲ ದಿನದ, ಮೈಕೈ ತುಂಬಿಕೊಂಡ ಅಣ್ಣ, ಕೆನ್ನೆ ಮಿರಮಿರ ಮಿಂಚುತ್ತಿದೆ. ಜನ ಹೋ ಎಂದು ಸಿಳ್ಳೆ ಹಾಕಿದರು. ಮುಖವಾಡದವನು ಕತ್ತಲಿನಿಂದ ಬಂದು ಹೊಟ್ಟೆಗೆ ಚೂರಿ ಹಾಕಿದ. ಕಣ್ಣು ಮುಚ್ಚಿಕೋ ಎಂದರೆ ಅಮ್ಮ ನನ್ನ ಕೈ ತಳ್ಳಿದಳು. ಅವನು ಬಿದ್ದು, ಒದ್ದಾಡಿ, ತಣ್ಣಗಾಗುವವರೆಗೂ ನೋಡಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ನಾನು ನೀರಿನ ಬಾಟಲಿ ಕೊಟ್ಟೆ, ಕುಡಿಯಲಿಲ್ಲ.

“ಅಂಗೀಲಿ ಹೊಲಿಗೆ ಇರ್ಲಿಲ್ಲ” ಎಂದಳು.

ನಾನು ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದೆ.

“ನೀನು ಹೊಲಿಗೆ ಹಾಕಿದ್ದು ಆಮೇಲೆ ತಾನೇ? ಹಾಗಾದ್ರೆ ನನ್ನ ಮಗನ್ನ ಮೊದಲೇ ಸಾಯಿಸಿಟ್ಟಿದ್ರು. ಮೊಳೆ ಅಂತ ಸುಳ್ಳು ಹೇಳಿದ್ಯಲ್ಲೇ. ಅವನಿಗೂ ಗೊತ್ತಿತ್ತಾ?”

“ಗೊತ್ತಿತ್ತಮ್ಮ. ಎಲ್ರಿಗೂ ಹಾಗೇ ತೆಗೀತಾರೆ.”

“ಗೊತ್ತಿದ್ದೂ ನನಗ್ಯಾಕೆ ಸಾಯಲ್ಲ ಅಂದ?”

ಅಮ್ಮ ಕೇಳಿದ್ದು ಸಿನಿಮಾದ ಮಾತೋ, ಆಸ್ಪತ್ರೆಯ ಮಾತೋ, ನನಗೆ ತಿಳಿಯಲಿಲ್ಲ. ಅವಳ ಚಪ್ಪಲಿ ಹುಡುಕಿ ಕಾಲಿನ ಬಳಿ ಇಟ್ಟೆ. ಅವಳು ಅದನ್ನು ಮೆಟ್ಟಿಕೊಳ್ಳದೆ ಹಾಗೇ ಕೂತಿದ್ದಳು.