ಹುಲಿಗೆಮ್ಮನ ನಕ್ಷೆ

೨೦೧೮ರ ಆಗಸ್ಟ್ ತಿಂಗಳು. ರಾಯಚೂರಿನಲ್ಲಿ ಭೂಗೋಳಶಾಸ್ತ್ರದ ಎಂ.ಎ. ಎರಡನೇ ವರ್ಷಕ್ಕೆ ಆಗಷ್ಟೇ ಬಂದಿದ್ದೆ. ಆ ವರ್ಷ ಪ್ರತಿಯೊಬ್ಬರೂ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕಿತ್ತು. ಕೃಷಿ ಭೂಗೋಳ, ವಸತಿ ಭೂಗೋಳ, ಇಲ್ಲವೇ ಉಪಗ್ರಹ ಚಿತ್ರ ನೋಡಿ ನಕ್ಷೆ ಮಾಡುವ ರಿಮೋಟ್ ಸೆನ್ಸಿಂಗ್. ನಮಗೆಲ್ಲ ಬೇಕಿದ್ದದ್ದು ಮೂರನೆಯದೇ. ಅದನ್ನು ಓದಿದರೆ ಬೇಗ ಕೆಲಸ ಸಿಗುತ್ತದೆ ಎಂಬ ಮಾತಿತ್ತು. ಸೀಟು ಇದ್ದದ್ದು ಎಂಟೇ. ನಾನಂತೂ ನಮ್ಮೂರು ಗಬ್ಬೂರಿನಲ್ಲಿ ನಮ್ಮವ್ವನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ "ನಾ ಇನ್ನ ಸೆಟಲೈಟ್ ಓದಾಕಿ" ಎಂದು ಸಾರಿಬಿಟ್ಟಿದ್ದೆ.

ನನ್ನ ಹೊಟ್ಟೆಯೊಳಗೆ ಕಿಚ್ಚು ಹಚ್ಚಿದವಳು ಹುಲಿಗೆಮ್ಮ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನವಳು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಅವಳ ಅವ್ವ ಭತ್ತ ನಾಟಿ ಮಾಡುವ ಕೂಲಿಗೆ ಹೋಗುತ್ತಿದ್ದಳು, ರಜೆಯಲ್ಲಿ ಇವಳೂ ಹೋಗುತ್ತಿದ್ದಳು. ಸೋಮವಾರ ಉಗುರಿನ ಸಂದಿಯಲ್ಲಿ ಕೆಸರಿಟ್ಟುಕೊಂಡೇ ತರಗತಿಗೆ ಬಂದು, ನಾನು ರಾತ್ರಿಯೆಲ್ಲ ಉರು ಹೊಡೆದದ್ದನ್ನು ಅವಳು ನಿಂತ ಕಾಲ ಮೇಲೆ ಹೇಳಿಬಿಡುತ್ತಿದ್ದಳು. ಅವಳು ಎಳೆದ ಗೆರೆ ನಡುಗುತ್ತಿರಲಿಲ್ಲ. ನಮ್ಮ ಸರ್ ಅವಳ ರೆಕಾರ್ಡ್ ಪುಸ್ತಕ ಎತ್ತಿ ಹಿಡಿದು, "ನೋಡ್ರಿ, ನಕ್ಷೆ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಅವರಿಗೆ ನಾನು ಮಾತ್ರ ಒಂದು ವರ್ಷವಾದರೂ "ಏ ಗಬ್ಬೂರು" ಆಗಿಯೇ ಉಳಿದಿದ್ದೆ. ಮೆಸ್ಸಿನ ಅಮ್ಮ ಅವಳ ತಟ್ಟೆಗೆ ಒಂದು ಸೌಟು ಸಾರು ಹೆಚ್ಚು ಹಾಕಿದರೂ ನನಗೆ ಉರಿಯುತ್ತಿತ್ತು. ಅವಳು ಮಾತ್ರ ಇದು ಯಾವುದನ್ನೂ ಕಾಣದವಳಂತೆ "ಶರಣೀ, ಊಟಕ್ಕ ನಡಿಯಬೇ" ಎಂದು ನನ್ನ ಕೈ ಹಿಡಿದು ಎಳೆಯುತ್ತಿದ್ದಳು.

ಸೀಟು ಹಂಚಲು ಸರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಹಿಂದಿನ ವರ್ಷದ ಆಗಸ್ಟಿನಲ್ಲಿ ತೆಗೆದ ಉಪಗ್ರಹ ಚಿತ್ರದ ಒಂದೊಂದು ಹಾಳೆ ಎಲ್ಲರಿಗೂ ಕೊಡುತ್ತಿದ್ದರು. ಊರು, ಹೊಲ, ಕೆರೆ, ಗುಡ್ಡ ಯಾವುದು ಎಲ್ಲಿದೆ ಎಂದು ಗುರುತಿಸಿ ಬಣ್ಣ ತುಂಬಬೇಕು. ಭಾನುವಾರ ಆ ಜಾಗಕ್ಕೆ ಹೋಗಿ ತಾಳೆ ನೋಡಿ ಬರಬೇಕು. ಸೋಮವಾರ ಅವರ ಮುಂದೆ ನಿಂತು ವಿವರಿಸಬೇಕು. ಅವರವರ ತಾಲ್ಲೂಕಿನ ಹಾಳೆ ಮಾತ್ರ ಅವರಿಗೆ ಕೊಡುತ್ತಿರಲಿಲ್ಲ. "ಗೊತ್ತಿದ್ದ ಹಾದ್ಯಾಗ ಕುರುಡನೂ ನಡಿತಾನ. ಗೊತ್ತಿಲ್ಲದ ಊರು ಓದ್ರಿ, ನೋಡೂಣು" ಎನ್ನುತ್ತಿದ್ದರು. ಹಾಗಾಗಿ ಹಿರೇಕೊಟ್ನೆಕಲ್ ಕಡೆಯ ಹಾಳೆ ನನಗೆ ಬಂತು, ಗಬ್ಬೂರು ಕಡೆಯದು ಹುಲಿಗೆಮ್ಮನಿಗೆ ಹೋಯಿತು.

ನನ್ನ ಹಾಳೆಯ ತುಂಬ ಕಪ್ಪು ನೀಲಿ ಕಲೆಗಳಿದ್ದವು. ನೀರು ಆ ಬಣ್ಣದಲ್ಲಿ ಕಾಣುತ್ತದೆ ಎಂದು ಪಾಠದಲ್ಲಿ ಓದಿದ್ದೆ. ನೀರು ಅಂದಮೇಲೆ ಕೆರೆಯೇ ಸೈ ಎಂದು ಎಲ್ಲಕ್ಕೂ ನೀಲಿ ಬಳಿದು, ಹನ್ನೊಂದು ಕೆರೆ ಮಾಡಿ ಬೀಗಿದೆ.

ಭಾನುವಾರ ಬೆಳಿಗ್ಗೆ ಹುಲಿಗೆಮ್ಮ, "ನಮ್ಮೂರಿಗೆ ಒಬ್ಬಾಕಿನ ಹೋಗಿ ಎಲ್ಲಿ ಅಡ್ಡಾಡ್ತಿ? ನಾ ಬರ್ತೀನಿ ತಡಿ. ಮಧ್ಯಾಹ್ನಕ್ಕ ಮುಗಿಸಿ ನಾ ಗಬ್ಬೂರ ಬಸ್ ಹಿಡಿತೀನಿ" ಎಂದು ನನ್ನ ಜೊತೆಗೇ ಹೊರಟಳು. ಅವರೂರಿನಲ್ಲಿ ಇಳಿದು, ನನ್ನ ದೊಡ್ಡ ಕೆರೆ ಇದ್ದ ಜಾಗಕ್ಕೆ ನಡೆದೆವು. ಅಲ್ಲಿ ಕೆರೆಯೂ ಇರಲಿಲ್ಲ, ಏರಿಯೂ ಇರಲಿಲ್ಲ. ಕಾಲುವೆ ನೀರು ಕಟ್ಟಿದ ಗದ್ದೆಗಳು ಕಣ್ಣು ಹಾಯುವವರೆಗೂ ಇದ್ದವು. ಹದಿನೈದಿಪ್ಪತ್ತು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಅವರಲ್ಲೊಬ್ಬಳು ಸೊಂಟ ಎತ್ತಿ ನಮ್ಮತ್ತ ನೋಡಿದಳು. ಅವಳೇ ಹುಲಿಗೆಮ್ಮನ ಅವ್ವ.

ಹುಲಿಗೆಮ್ಮ ನನ್ನ ಹಾಳೆ ತೆಗೆದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯವ್ವಾ, ಇಲ್ಲಿ ಬಾ. ಈಕಿ ನಿನ್ನ ಕೆರ್ಯಾಗ ನಿಂದರಿಸ್ಯಾಳ!"

ಅವಳ ಅವ್ವ ಕೆಸರುಗೈಯನ್ನು ದೂರ ಹಿಡಿದು ಹಾಳೆಯ ಮೇಲೆ ಬಗ್ಗಿದಳು. "ಮುಳುಗಿಲ್ಲ ನೋಡು ತಂಗಿ, ಮೊಣಕಾಲ ತನ ಅಷ್ಟೇ ಅದ" ಎಂದಳು. ಎಲ್ಲ ಹೆಂಗಸರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಜೋಳ, ಹತ್ತಿ ಬೆಳೆಯುವ ಎರೆ ಭೂಮಿಯಲ್ಲಿ ಹುಟ್ಟಿದ ನನಗೆ ಹೊಲದ ತುಂಬ ನೀರು ನಿಲ್ಲುತ್ತದೆ ಎಂಬುದೇ ಹೊಳೆದಿರಲಿಲ್ಲ.

ಅಷ್ಟಕ್ಕೇ ಬಿಟ್ಟು ಹೋಗಿದ್ದರೆ ಹುಲಿಗೆಮ್ಮ ಹುಲಿಗೆಮ್ಮ ಆಗುತ್ತಿರಲಿಲ್ಲ. ಬಿಸಿಲಲ್ಲಿ ನನ್ನನ್ನು ಬದುವಿನಿಂದ ಬದುವಿಗೆ ಓಡಾಡಿಸಿ ಹನ್ನೊಂದನ್ನೂ ತೋರಿಸಿದಳು. ಒಂದೇ ಒಂದು ನಿಜವಾದ ಕೆರೆಯಾಗಿತ್ತು. ಅವರ ಮನೆಯಲ್ಲಿ ಅನ್ನ, ಪುಂಡಿಪಲ್ಲೆ ಉಂಡೆ. ಊಟದ ಮೇಲೆ ಕೂತು ಹೊಸ ಹಾಳೆಗೆ ಅವಳೇ ಗೆರೆ ಎಳೆದುಕೊಟ್ಟಳು. ಇದರಲ್ಲೇ ಹೊತ್ತು ಇಳಿಯಿತು. ಅವಳು ಗಬ್ಬೂರಿಗೆ ಹೋಗಲು ಆಗಲೇ ಇಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವಳು ತನ್ನ ನಕ್ಷೆ ನನ್ನ ತೊಡೆಯ ಮೇಲಿಟ್ಟಳು. "ನಿಮ್ಮ ಕಡೀದು. ನೀ ಒಂಚೂರು ನೋಡಿ ಹೇಳಬೇ, ಎಲ್ಲ ಬರೋಬ್ಬರಿ ಅದನಾ?"

ನೋಡಿದ ತಕ್ಷಣ ಕಂಡಿತು. ಅಲ್ಲಿಯೂ ಅದೇ ಕಪ್ಪು ಕಲೆಗಳು. ಅವಳ ಕಣ್ಣಿಗೆ ಕಪ್ಪೆಂದರೆ ನಾಟಿಯ ಗದ್ದೆ. ಗಬ್ಬೂರು ಕಡೆಯೂ ಕಾಲುವೆ ಬಂದಿದೆಯಲ್ಲ ಎಂದುಕೊಂಡು ಎಲ್ಲವನ್ನೂ ಭತ್ತದ ಗದ್ದೆ ಮಾಡಿಟ್ಟಿದ್ದಳು. ಅದು ಗದ್ದೆಯಲ್ಲ, ನಮ್ಮ ಎರೆ ಹೊಲ. ಹಿಂಗಾರಿ ಜೋಳಕ್ಕೆಂದು ಹರಗಿ ಬಿಟ್ಟ, ಮಳೆಗೆ ನೆನೆದ ಬರಿಯ ಕರಿ ಮಣ್ಣು. ಅವುಗಳ ನಡುವೆ ನಮ್ಮ ಕಾಕಾನ ಹೊಲವೂ ಇತ್ತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸರ್ ಅವಳ ಪುಸ್ತಕ ಎತ್ತಿ ಹಿಡಿಯುವುದು ಕಣ್ಣ ಮುಂದೆ ಬಂತು. ಇದು ಒಂದು ಸಲವಾದರೂ ತಪ್ಪಲಿ, ಒಂದೇ ಸಲ, ಎಂದು ಮನಸ್ಸು ಅಂದಿತು.

"ಎಲ್ಲ ಬರೋಬ್ಬರಿ ಅದ" ಎಂದೆ.

ಅವಳು ಸಮಾಧಾನದಿಂದ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಉಂಡದ್ದು ಇನ್ನೂ ಅರಗಿರಲಿಲ್ಲ.

ಸೋಮವಾರ ಸರ್ ನನ್ನ ನಕ್ಷೆ ನೋಡಿ, "ಏ ಗಬ್ಬೂರು, ನಾಟಿ ಗದ್ದಿ ಗುರುತು ಹಿಡದೀ, ಭೇಷ್" ಎಂದರು. ಹುಲಿಗೆಮ್ಮನ ಸರದಿ ಬಂದಾಗ ಅವರ ಬೆರಳು ಅವಳ ಗದ್ದೆಗಳ ಮೇಲೆ ನಿಂತಿತು.

"ಇಲ್ಲಿ ಹೋಗಿ ನೋಡಿದ್ಯಾ?"

"ಇಲ್ರೀ ಸರ್."

"ಇದು ಎರಿ ಹೊಲ. ನೀನೂ ಹಿಂಗ ಮಾಡಿದ್ರ ಹೆಂಗ?"

ಅವಳು ಒಮ್ಮೆ ತಿರುಗಿ ನನ್ನನ್ನು ನೋಡಿದಳು, ಅಷ್ಟೇ. ನಾನು ಪೆನ್ಸಿಲ್ ಕೆತ್ತುವವಳಂತೆ ತಲೆ ತಗ್ಗಿಸಿದೆ. ಸಂಜೆ ಪಟ್ಟಿ ಹಚ್ಚಿದರು. ಎಂಟನೆಯ ಹೆಸರು ನನ್ನದು. ಒಂಬತ್ತನೆಯದು ಅವಳದು.

ಅವಳು ಕೃಷಿ ಭೂಗೋಳ ತೆಗೆದುಕೊಂಡಳು. ನನ್ನೊಡನೆ ಜಗಳ ಆಡಲಿಲ್ಲ. ಆದರೆ ಅಂದಿನಿಂದ ಊಟಕ್ಕೆ ಕೈ ಹಿಡಿದು ಎಳೆಯುವುದು ನಿಂತಿತು. ನನಗೆ ಖುಷಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಂಡಾಗ, ಅವಳು ಹೊಲ ಹೊಲ ಸುತ್ತಿ ರೈತರ ಮಾತು ಬರೆದುಕೊಂಡು ನಗುತ್ತ ಬರುವುದು ಕಂಡು ಮತ್ತೆ ಅಸೂಯೆಪಟ್ಟೆ. ನಾಯಿ ಬಾಲ ಡೊಂಕೇ.

ಮುಂದಿನ ಬೇಸಿಗೆಯಲ್ಲಿ ಅವಳು ತನ್ನ ಪ್ರಬಂಧಕ್ಕೆಂದು ಗಬ್ಬೂರಿಗೆ ಬಂದಳು. ಎರಡು ದಿನ ನಮ್ಮ ಮನೆಯಲ್ಲೇ ಇರು ಎಂದು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಸಂಜೆ ಕಾಕಾನ ಹೊಲದಲ್ಲಿ, ಬಿರುಕು ಬಿಟ್ಟ ಕರಿ ಮಣ್ಣಿನ ಮೇಲೆ ನಿಂತಾಗ ತಡೆಯಲಾಗಲಿಲ್ಲ. "ಹುಲಿಗೆಮ್ಮಾ, ಅವತ್ತು ಬಸ್ಸಿನ್ಯಾಗ ನಾ ಗೊತ್ತಿದ್ದೇ ಸುಳ್ಳು ಹೇಳಿದೆ" ಎಂದೆ. ಅಳು ಬಂತು.

ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ. ಎರಿ ಹೊಲದ ಹುಡುಗಿ ಎರಿ ಹೊಲ ಗುರುತು ಹಿಡಿಲಿಲ್ಲ ಅಂದ್ರ ಯಾರು ನಂಬ್ತಾರಬೇ?"

"ನನ್ನ ಮಾಫ್ ಮಾಡ್ತೀಯಾ?"

"ಅದು ಈಗ ಕೇಳಬ್ಯಾಡ. ಈ ಹೊಲದಾಗ ಹೋದ ವರ್ಷ ಏನು ಬಿತ್ತಿದ್ರು, ಅದನ್ನ ಹೇಳು. ಖರೇ ಹೇಳು."

ಹೇಳಿದೆ. ಅವಳು ಬರೆದುಕೊಂಡಳು. ಮಾಫಿಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಈಗ ನಾನು ದೇವದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸೆಟಲೈಟು ಅಲ್ಲಿಗೇ ಮುಗಿಯಿತು. ಹುಲಿಗೆಮ್ಮ ಕಾಲೇಜಿನಲ್ಲಿ ಕಲಿಸುತ್ತಾಳೆ, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ವರ್ಷಕ್ಕೆ ಒಂದೆರಡು ಸಲ ಫೋನು, ಹಬ್ಬಕ್ಕೊಂದು ಮೆಸೇಜು.

ಹೋದ ತಿಂಗಳು ಅವಳಿಂದ ಫೋನಿಗೆ ಒಂದು ನಕ್ಷೆ ಬಂತು. ಗಬ್ಬೂರು ಸುತ್ತಲಿನದು, ಅವಳ ಪಿಎಚ್.ಡಿ.ಗೆ ಹಾಕುವಂಥದ್ದು. ಕೆಳಗೆ ಬರೆದಿದ್ದಳು: "ನಿಮ್ಮ ಕಡೀದು. ನೀ ಒಂಚೂರು ನೋಡಿ ಹೇಳಬೇ, ಎಲ್ಲ ಬರೋಬ್ಬರಿ ಅದನಾ?"

ಅವತ್ತು ಬಸ್ಸಿನಲ್ಲಿ ಕೇಳಿದ್ದ ಅದೇ ಮಾತು. ನಿಜ ಹೇಳುತ್ತೇನೆ, ನಕ್ಷೆ ನೋಡಿ ಹೊಟ್ಟೆಯೂ ಉರಿಯಿತು. ಎಂಥ ಚಂದದ ನಕ್ಷೆ, ನನ್ನೂರಿನದು, ಅದರ ಮೇಲೆ ಅವಳ ಹೆಸರು. ಭಾನುವಾರ ಅದನ್ನು ಪ್ರಿಂಟ್ ಹಾಕಿಸಿಕೊಂಡು ಹೊಲದಿಂದ ಹೊಲಕ್ಕೆ ನಡೆದೆ. ನೆತ್ತಿ ಸುಡುವವರೆಗೂ ನಡೆದೆ. ಮೂರು ಕಡೆ ತಪ್ಪಿತ್ತು. ಮೂರನ್ನೂ ಬರೆದು ಕಳಿಸಿದೆ.